ಪ್ರಶ್ನೋತ್ತರ: ಕಚೇರಿಯ ಡೇಟಾಬೇಸನ್ನು ವರದಿ ಸೇವೆಗೆ ಜೋಡಿಸುವುದು ಹೇಗೆ?

ಈ ಸಂಚಿಕೆಗೆ ಆಯ್ದುಕೊಂಡ ನಾಲ್ಕು ಪತ್ರಗಳೂ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದವು. ನಾಲ್ಕರಲ್ಲೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ವಿಷಯವಾದ್ದರಿಂದ ಒಟ್ಟಿಗೆ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಡಲಾಗಿದೆ.

ಪ್ರಶ್ನೆ: ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜಿನ ತೂಕ, ಅಡತ ಅಂಗಡಿಗಳಿಂದ ಮಾಡಿದ ತೊಗರಿ ಖರೀದಿ, ಬೇಳೆಯ ಮಾರಾಟ ಎಲ್ಲವೂ ಕಚೇರಿಯ ಕಂಪ್ಯೂಟರಿನಲ್ಲಿರುವ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ದಾಖಲಾಗುತ್ತವೆ. ಪ್ರತಿದಿನ ಸಂಜೆ ಅದನ್ನು ಎಕ್ಸೆಲ್‌ಗೆ ಇಳಿಸಿ, ಹೈದರಾಬಾದಿನಲ್ಲಿರುವ ಮಾಲೀಕರಿಗೆ ವಾಟ್ಸಾಪ್ ಮಾಡುತ್ತೇವೆ. ಈಗ ಅವರು ಗೂಗಲ್‌ನ ಲುಕರ್ ಸ್ಟುಡಿಯೊ ಎಂಬ ವರದಿ ಸೇವೆಯಲ್ಲಿ ತಾವೇ ನೋಡಿಕೊಳ್ಳುವಂತಾಗಬೇಕು ಎನ್ನುತ್ತಿದ್ದಾರೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ರೂಟರಿನಲ್ಲಿ 3306ನೇ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದರೆ ಸಾಕು ಎಂದರು. ಎನ್‌8ಎನ್ ಎಂಬ, ಕೆಲಸದ ಹೆಜ್ಜೆಗಳನ್ನು ಜೋಡಿಸಿ ನಡೆಸುವ ತಂತ್ರಾಂಶ ಬಳಸಿ ತಾನಾಗಿ ನಡೆಯುವಂತೆ ಮಾಡಬಹುದೆಂದು ಇನ್ನೊಬ್ಬರು ಹೇಳಿದರು. ಯಾವುದು ಸರಿ?

ಉತ್ತರ: ಪೋರ್ಟ್ ತೆರೆಯಬೇಡಿ. ಮೈಎಸ್‌ಕ್ಯುಎಲ್ ವಾಡಿಕೆಯಾಗಿ ಕೇಳಿಸಿಕೊಳ್ಳುವ ಪೋರ್ಟ್ 3306 ಎಂಬುದು ನಿಮಗೂ ಸಾಫ್ಟ್‌ವೇರಿನವರಿಗೂ ಗೊತ್ತಿರುವಷ್ಟೇ ಚೆನ್ನಾಗಿ, ಇಂಟರ್ನೆಟ್ಟಿನಲ್ಲಿ ಹಗಲು ರಾತ್ರಿ ತೆರೆದ ಪೋರ್ಟುಗಳನ್ನು ಹುಡುಕುತ್ತಿರುವ ಪ್ರೋಗ್ರಾಮುಗಳಿಗೂ ಗೊತ್ತಿದೆ. 2017ರ ಆರಂಭದಲ್ಲಿ ಹೀಗೆ ತೆರೆದಿಟ್ಟಿದ್ದ ಸಾವಿರಾರು ಮಾಂಗೊಡಿಬಿ ಡೇಟಾಬೇಸುಗಳನ್ನು ಅಳಿಸಿಹಾಕಿ, ಹಿಂದಿರುಗಿಸಲು ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟುಹೋದ ದಾಳಿಗಳು ನಡೆದವು. ಅದರ ಬೆನ್ನಿಗೇ ಮೈಎಸ್‌ಕ್ಯುಎಲ್ ಸರದಿಯೂ ಬಂದಿತು. ಅಲ್ಲದೆ ಇಂದು ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಗ್ರಾಹಕರಿಗೆ ಸೇರಿ ಒಂದೇ ಹೊರವಿಳಾಸ ಇರುವುದರಿಂದ, ನೀವು ರೂಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನ ಸೇವೆ ನಿಮ್ಮ ಕಂಪ್ಯೂಟರಿನವರೆಗೆ ತಲುಪುವ ಖಾತ್ರಿಯಿಲ್ಲ.

ಲುಕರ್ ಸ್ಟುಡಿಯೊ ಒಳಗೆ ಬಂದು ತೆಗೆದುಕೊಂಡು ಹೋಗುವ ಬದಲು, ನಿಮ್ಮ ಕಚೇರಿಯೊಳಗಿನಿಂದಲೇ ಬೇಕಾದಷ್ಟನ್ನು ಹೊರಗೆ ಕಳುಹಿಸುವ ಏರ್ಪಾಡು ಮಾಡಿಕೊಳ್ಳುವುದು ಸರಿಯಾದ ದಾರಿ. ಎನ್‌8ಎನ್ ಅನ್ನು ನಿಮ್ಮದೇ ಯಂತ್ರದಲ್ಲಿ ಹಾಕಿಕೊಂಡರೆ ಸಂಸ್ಥೆಯ ಒಳಬಳಕೆಗೆ ಶುಲ್ಕವಿಲ್ಲ. ಅದರಲ್ಲಿ ನಿಗದಿತ ಸಮಯಕ್ಕೆ ಎಚ್ಚರವಾಗುವ ಒಂದು ಹೆಜ್ಜೆ, ಮೈಎಸ್‌ಕ್ಯುಎಲ್‌ನಿಂದ ಓದುವ ಒಂದು ಹೆಜ್ಜೆ, ಗೂಗಲ್ ಶೀಟಿಗೆ ಬರೆಯುವ ಒಂದು ಹೆಜ್ಜೆ, ಇಷ್ಟನ್ನು ಗೆರೆ ಎಳೆದು ಜೋಡಿಸಿದರೆ ‘ಹರಿವಿನ’, ಅಂದರೆ ಒಂದರ ಹಿಂದೊಂದು ತಾನಾಗಿ ನಡೆಯುವ ಈ ಹೆಜ್ಜೆಗಳ ಸರಣಿಯ, ಅಸ್ಥಿಪಂಜರ ಸಿದ್ಧ. ಲುಕರ್ ಸ್ಟುಡಿಯೊವನ್ನು ಆ ಶೀಟಿಗೆ ಜೋಡಿಸಿದರಾಯಿತು. ಒಂದು ಗೂಗಲ್ ಸ್ಪ್ರೆಡ್‌ಶೀಟಿನ ಮಿತಿ 1 ಕೋಟಿ ಕೋಶಗಳು. ದಿನಕ್ಕೆ ಕೆಲವು ನೂರು ಚೀಟಿ, ಪ್ರತಿ ಚೀಟಿಗೆ ಹತ್ತು ಹನ್ನೆರಡು ಕಾಲಂ ಇದ್ದರೂ ನಿಮಗೆ ವರ್ಷಗಟ್ಟಲೆ ಸಾಕು, ಆದರೆ ಶೀಟು ಭಾರವಾಗುತ್ತ ಹೋದಂತೆ ನಿಧಾನವಾಗುತ್ತದೆ. ಆಗ ಗೂಗಲ್‌ನ ಬಿಗ್‌ಕ್ವೆರಿ ಎಂಬ ದೊಡ್ಡ ಡೇಟಾಬೇಸ್ ಸೇವೆಗೆ ಬದಲಿಸಿಕೊಳ್ಳಬಹುದು. ಅದರಲ್ಲಿ ತಿಂಗಳಿಗೆ 10 ಜಿಬಿ ಸಂಗ್ರಹಕ್ಕೂ, ಹುಡುಕಿ ತೆಗೆಯುವಾಗ ಓದುವ 1 ಟಿಬಿ ದತ್ತಾಂಶದವರೆಗೂ ಹಣ ಕೊಡಬೇಕಾಗಿಲ್ಲ.

ಹರಿವಿಗಾಗಿ ಡೇಟಾಬೇಸಿನಲ್ಲಿ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಓದುವ ಅನುಮತಿಯನ್ನು ಮಾತ್ರ ಕೊಡಿ. ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನ ಪಾಸ್‌ವರ್ಡನ್ನು ಎನ್‌8ಎನ್‌ಗೆ ಕೊಡುವುದು ಬೇಡ. ಇನ್ನೂ ಒಳ್ಳೆಯದೆಂದರೆ ಮಾಲೀಕರಿಗೆ ಬೇಕಾದ ಕಾಲಮ್ಮುಗಳನ್ನಷ್ಟೇ ತೋರಿಸುವ ವ್ಯೂ (ಟೇಬಲ್ಲಿನ ಆಯ್ದ ಭಾಗದ ನೋಟ) ಒಂದನ್ನು ಮಾಡಿ, ಆ ವ್ಯೂ ಮೇಲಷ್ಟೇ ಅನುಮತಿ ಕೊಡುವುದು. ರೈತರ ಬ್ಯಾಂಕ್ ಖಾತೆ ಸಂಖ್ಯೆ ಹೈದರಾಬಾದಿನ ತೆರೆಯ ಮೇಲೆ ಕಾಣಿಸಬೇಕಾದ ಅಗತ್ಯವಿಲ್ಲ.

ಇಷ್ಟನ್ನು ಯಾವ ವಿಡಿಯೊ ನೋಡಿಯಾದರೂ ಮಾಡಬಹುದು. ನಿಜವಾದ ಕಷ್ಟ, ಪ್ರತಿ ಸಲ ಯಾವ ಸಾಲುಗಳನ್ನು ಓದಬೇಕು ಎಂಬಲ್ಲಿದೆ. ‘ಇಂದಿನ ದಿನಾಂಕದ ಚೀಟಿಗಳು’ ಎಂದು ಬರೆದರೆ ಮೊದಲ ವಾರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ನಿಮ್ಮ ವ್ಯವಹಾರದಲ್ಲಿ ಚೀಟಿ ಹುಟ್ಟಿದ ಮೇಲೆ ಬದಲಾಗುತ್ತದೆ. ಸಂಜೆ ತೂಗಿದ ಲಾರಿಯೊಂದರ ನಿವ್ವಳ ತೂಕ 112 ಕ್ವಿಂಟಲ್ ಎಂದು ದಾಖಲಾಯಿತು ಎಂದಿಟ್ಟುಕೊಳ್ಳಿ. ಮರುದಿನ ತೇವಾಂಶ ಮತ್ತು ಕಸಕಡ್ಡಿಯ ಕಡಿತ ತೆಗೆದು ನೀವು ಅದನ್ನು 110 ಎಂದು ತಿದ್ದುತ್ತೀರಿ. ಚೀಟಿಯ ದಿನಾಂಕ ಹಿಂದಿನ ದಿನದ್ದೇ ಆಗಿರುವುದರಿಂದ ಹರಿವು ಅದರತ್ತ ಮತ್ತೆ ತಿರುಗಿ ನೋಡುವುದಿಲ್ಲ. ಮಿಲ್ಲಿನಲ್ಲಿ 110, ಮಾಲೀಕರ ಮೊಬೈಲಿನಲ್ಲಿ 112. ತೊಗರಿಯ ಆವಕ ಜೋರಾಗಿರುವ ಜನವರಿ ಫೆಬ್ರವರಿಯಲ್ಲಿ ಇಂಥ ಎರಡೆರಡು ಕ್ವಿಂಟಲ್ ಸೇರಿ ದೊಡ್ಡ ವ್ಯತ್ಯಾಸವಾದಾಗ, ವಿವರಣೆ ಕೊಡಬೇಕಾದವರು ನೀವೇ.

ಆದ್ದರಿಂದ ಚೀಟಿಯ ಟೇಬಲ್ಲಿನಲ್ಲಿ ‘ಕೊನೆಯ ತಿದ್ದುಪಡಿಯ ಸಮಯ’ ಎಂಬ ಕಾಲಂ ಇರಲೇಬೇಕು. ಸಾಲು ಬದಲಾದಾಗಲೆಲ್ಲ ಆ ಕಾಲಮ್ಮನ್ನು ತಾನೇ ತುಂಬಿಕೊಳ್ಳುವ ಸೌಲಭ್ಯ ಮೈಎಸ್‌ಕ್ಯುಎಲ್‌ನಲ್ಲಿದೆ; ನಿಮ್ಮ ಸಾಫ್ಟ್‌ವೇರಿನವರು ಅದನ್ನು ಇಟ್ಟಿಲ್ಲವಾದರೆ ಸೇರಿಸಿಕೊಡುವಂತೆ ಕೇಳಿ, ಅದು ಕೆಲವು ನಿಮಿಷಗಳ ಕೆಲಸ. ಹರಿವು ಪ್ರತಿ ಸಲವೂ ಕಳೆದ ಯಶಸ್ವಿ ಓಟದ ನಂತರ ತಿದ್ದುಪಡಿಯಾದ ಎಲ್ಲ ಸಾಲುಗಳನ್ನೂ ಓದಲಿ. ಅಂಚಿನಲ್ಲಿ ಏನೂ ಜಾರಿಹೋಗದಂತೆ ಹತ್ತು ನಿಮಿಷ ಹಿಂದಿನಿಂದಲೇ ಆರಂಭಿಸಲಿ. ಹೀಗೆ ಮಾಡಿದಾಗ ಕೆಲವು ಸಾಲುಗಳು ಎರಡು ಸಲ ಹೋಗುತ್ತವೆ, ಅದಕ್ಕಾಗಿ ಶೀಟಿಗೆ ಬರೆಯುವಾಗ ‘ಸೇರಿಸು’ ಎಂಬುದರ ಬದಲು ‘ಸೇರಿಸು ಅಥವಾ ತಿದ್ದು’ ಎಂಬುದನ್ನು ಆರಿಸಿ, ಚೀಟಿ ಸಂಖ್ಯೆಯನ್ನು ಗುರುತಾಗಿ ಕೊಡಿ. ಒಂದೇ ಚೀಟಿ ಹತ್ತು ಸಲ ಹೋದರೂ ಶೀಟಿನಲ್ಲಿ ಅದು ಒಂದೇ ಸಾಲಾಗಿ ಉಳಿಯಬೇಕು. ಚೀಟಿಯನ್ನು ಅಳಿಸುವ ಪದ್ಧತಿ ಇದ್ದರೆ ಅದನ್ನು ಈಗಲೇ ನಿಲ್ಲಿಸಿ. ಅಳಿಸಿದ ಸಾಲು ಯಾವ ಓದಿಗೂ ಸಿಗುವುದಿಲ್ಲ, ಹಾಗಾಗಿ ಅದು ಶೀಟಿನಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ‘ರದ್ದು’ ಎಂಬ ಗುರುತು ಹಾಕುವುದೇ ಲೆಕ್ಕದ ದೃಷ್ಟಿಯಿಂದಲೂ ಸರಿ.

‘ನಿನ್ನೆಯಿಂದ’ ಎಂದು ಬರೆಯದೆ ‘ಕಳೆದ ಯಶಸ್ವಿ ಓಟದಿಂದ’ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಕರೆಂಟು. ನಿಗದಿತ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ ಎನ್‌8ಎನ್ ಆ ಓಟವನ್ನು ಬಿಟ್ಟುಬಿಡುತ್ತದೆ. ಕರೆಂಟು ಬಂದ ಮೇಲೆ ತಪ್ಪಿದ್ದನ್ನು ತಾನಾಗಿ ಪೂರೈಸುವುದಿಲ್ಲ. ಕಳೆದ ಓಟದ ಸಮಯವನ್ನು ಎಲ್ಲಾದರೂ ಬರೆದಿಟ್ಟು ಅಲ್ಲಿಂದಲೇ ಮುಂದುವರಿಯುವ ಹರಿವಿಗೆ ಎರಡು ದಿನ ಮಿಲ್ಲು ಮುಚ್ಚಿದ್ದರೂ ತೊಂದರೆಯಿಲ್ಲ.

ಗಡಿಯಾರದ ವಿಷಯದಲ್ಲಿ ಎರಡು ಕಡೆ ಎಡವುವ ಸಾಧ್ಯತೆಯಿದೆ. ಸ್ವಂತ ಯಂತ್ರದಲ್ಲಿ ಹಾಕಿಕೊಂಡ ಎನ್‌8ಎನ್, ನೀವು ಬದಲಿಸುವವರೆಗೆ ನ್ಯೂಯಾರ್ಕಿನ ಸಮಯವನ್ನು ಅನುಸರಿಸುತ್ತದೆ. ರಾತ್ರಿ 11ಕ್ಕೆ ಎಂದು ಇಟ್ಟ ಹರಿವು ಚಳಿಗಾಲದಲ್ಲಿ ನಮ್ಮ ಬೆಳಿಗ್ಗೆ 9:30ಕ್ಕೆ ಓಡುತ್ತದೆ, ಬೇಸಿಗೆಯಲ್ಲಿ 8:30ಕ್ಕೆ. ಸೆಟ್ಟಿಂಗಿನಲ್ಲಿ ಏಷ್ಯಾ/ಕೋಲ್ಕತ್ತಾ ಎಂದು ಆರಿಸಿದರೆ ಇದು ಸರಿಹೋಗುತ್ತದೆ. ಎರಡನೆಯದು ಇದಕ್ಕಿಂತ ಮೋಸದ್ದು. ಸುಗ್ಗಿಯಲ್ಲಿ ಲಾರಿಗಳು ನಡುರಾತ್ರಿ ದಾಟಿದ ಮೇಲೂ ಬರುತ್ತವಲ್ಲ. 13ನೇ ತಾರೀಕು ನಸುಕಿನ 1:40ಕ್ಕೆ ತೂಗಿದ ಲಾರಿಯ ಸಮಯವನ್ನು ಹರಿವು ಜಾಗತಿಕ ಸಮಯಕ್ಕೆ ಬದಲಿಸಿ ಬರೆದರೆ ಅದು 12ನೇ ತಾರೀಕು ರಾತ್ರಿ 8:10 ಆಗುತ್ತದೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ ರಾತ್ರಿ 12ರಿಂದ ಬೆಳಗಿನ 5:30ರವರೆಗಿನ ಎಲ್ಲ ಚೀಟಿಗಳೂ ಹಿಂದಿನ ದಿನದ ಖಾತೆಗೆ ಜಾರುತ್ತವೆ. ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯಿದ್ದು ದಿನದ ಮೊತ್ತಗಳು ತಪ್ಪಿದ್ದರೆ ಮೊದಲು ಇದನ್ನೇ ಶಂಕಿಸಿ. ದಿನಾಂಕವನ್ನು ಡೇಟಾಬೇಸಿನಿಂದ ಓದುವಾಗಲೇ ವರ್ಷ-ತಿಂಗಳು-ದಿನ ಎಂಬ ಪಠ್ಯವಾಗಿ ಬದಲಿಸಿ ತೆಗೆದುಕೊಂಡರೆ, ದಾರಿಯಲ್ಲಿ ಯಾರೂ ಅದನ್ನು ತಿರುಚಲಾರರು.

ಕಡೆಯದಾಗಿ, ಹರಿವು ಕೆಟ್ಟಾಗ ನಿಮಗೆ ಹೇಗೆ ತಿಳಿಯುತ್ತದೆ? ತಪ್ಪು ಸಂಭವಿಸಿದರೆ ಸಂದೇಶ ಕಳುಹಿಸುವ ಏರ್ಪಾಡು ಎನ್‌8ಎನ್‌ನಲ್ಲಿ ಇದೆ, ಹಾಕಿಕೊಳ್ಳಿ. ಆದರೆ ಯಂತ್ರವೇ ನಿಂತಿದ್ದರೆ ಆ ಸಂದೇಶವೂ ಬರುವುದಿಲ್ಲ, ಮತ್ತು ಶೀಟಿನಲ್ಲಿ ಹಳೆಯ ಅಂಕಿಗಳು ಹೊಸವುಗಳಂತೆ ಹೊಳೆಯುತ್ತ ಕುಳಿತಿರುತ್ತವೆ. ನನ್ನ ಅಭಿಪ್ರಾಯದಲ್ಲಿ ಕೆಟ್ಟಾಗ ಬರುವ ಸಂದೇಶಕ್ಕಿಂತ, ಸರಿಯಾಗಿ ಮುಗಿದಾಗ ಪ್ರತಿದಿನ ಬರುವ ಸಂದೇಶ ಹೆಚ್ಚು ನಂಬಿಗಸ್ತ. ‘ಡೇಟಾಬೇಸಿನಲ್ಲಿ ಇಷ್ಟು ಚೀಟಿ, ಒಟ್ಟು ಇಷ್ಟು ಕ್ವಿಂಟಲ್, ಶೀಟಿನಲ್ಲಿ ಇಷ್ಟು ಚೀಟಿ, ಇಷ್ಟು ಕ್ವಿಂಟಲ್’ ಎಂಬ ಒಂದೇ ಸಾಲು ಸಾಕು. ಗಂಜಿನ ಗೇಟಿನಲ್ಲಿ ಲಾರಿ ಹೊರಡುವಾಗ ಪಾಸು ಮತ್ತು ತೂಕದ ಚೀಟಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುವಂತೆಯೇ ಇದು. ಆ ಸಂದೇಶ ಒಂದು ಸಂಜೆ ಬರಲಿಲ್ಲವೆಂದರೆ ಅದೇ ಎಚ್ಚರಿಕೆ. ವರದಿಯ ತೆರೆಯ ಮೇಲೂ ‘ಕೊನೆಯ ಬಾರಿ ಹೊಸದಾದ ಸಮಯ’ವನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಮಾಲೀಕರು ಮೊದಲು ನೋಡಬೇಕಾದ ಅಂಕಿ ಅದೇ. ಈ ಸುಗ್ಗಿ ಮುಗಿಯುವವರೆಗೆ ಎಕ್ಸೆಲ್ ಕಳುಹಿಸುವುದನ್ನೂ ಮುಂದುವರಿಸಿ.

ಪ್ರಶ್ನೆ: ಬೀದರಿನ ಚೌಬಾರಾ ಸಮೀಪದಲ್ಲಿ ನಮ್ಮದು ಬಿದ್ರಿ ಸಾಮಾನುಗಳ ಅಂಗಡಿ. ಜಾಲತಾಣದ ಮೂಲಕವೂ ಮಾರುತ್ತೇವೆ, ಆರ್ಡರುಗಳು ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸಿನಲ್ಲಿವೆ. ಜಾಲತಾಣಕ್ಕೆ ಬಂದವರ ಲೆಕ್ಕವಿಡುವ ಗೂಗಲ್ ಅನಾಲಿಟಿಕ್ಸ್ ತೋರಿಸುವ ಮಾರಾಟ ನಮ್ಮ ಡೇಟಾಬೇಸಿಗಿಂತ ಯಾವಾಗಲೂ ಕಡಿಮೆ ಇರುತ್ತದೆ. ಡೇಟಾಬೇಸಿನಿಂದಲೇ ನೇರವಾಗಿ ಅನಾಲಿಟಿಕ್ಸ್‌ಗೆ ಆರ್ಡರುಗಳನ್ನು ಕಳುಹಿಸಬಹುದೆ? ಕೆಲವು ಆರ್ಡರುಗಳು ಕ್ಯಾಶ್ ಆನ್ ಡೆಲಿವರಿ, ಅವುಗಳಲ್ಲಿ ಒಂದಷ್ಟು ವಾಪಸ್ಸೂ ಬರುತ್ತವೆ.

ಉತ್ತರ: ಕಳುಹಿಸಬಹುದು. ಗ್ರಾಹಕರು ಯುಪಿಐ ಆ್ಯಪ್‌ನಲ್ಲಿ ಹಣ ಕೊಟ್ಟು ಮತ್ತೆ ನಿಮ್ಮ ‘ಧನ್ಯವಾದ’ ಪುಟಕ್ಕೆ ಮರಳದೆ ಇದ್ದರೆ, ಅಥವಾ ಅವರ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಸಾಧನವಿದ್ದರೆ, ಬ್ರೌಸರು ಕಳುಹಿಸಬೇಕಾದ ಖರೀದಿಯ ಸುದ್ದಿ ಅನಾಲಿಟಿಕ್ಸ್‌ಗೆ ಮುಟ್ಟುವುದೇ ಇಲ್ಲ. ಕಡಿಮೆ ಕಾಣುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸರ್ವರಿನಿಂದ ಕಳುಹಿಸಲು ಗೂಗಲ್ ಕೊಟ್ಟಿರುವ ದಾರಿಯ ಹೆಸರು ಮೆಷರ್‌ಮೆಂಟ್ ಪ್ರೊಟೋಕಾಲ್. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಪಾಠಗಳ ಬಗ್ಗೆ ಎಚ್ಚರವಿರಲಿ. ‘ಯುಎ’ ಎಂದು ಆರಂಭವಾಗುವ ಗುರುತು ಸಂಖ್ಯೆ ಇದ್ದರೆ ಅದು ಯೂನಿವರ್ಸಲ್ ಅನಾಲಿಟಿಕ್ಸ್ ಕಾಲದ್ದು. ಆ ಸೇವೆ 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿತು. ಈಗಿನದು ‘ಜಿ’ ಎಂದು ಆರಂಭವಾಗುತ್ತದೆ.

ಆರ್ಡರ್ ಟೇಬಲ್ಲಿಗೆ ಎರಡು ಕಾಲಂ ಸೇರಿಸಿ. ಒಂದು, ಗ್ರಾಹಕರು ಆರ್ಡರ್ ಮಾಡುವ ಕ್ಷಣದಲ್ಲಿ ಅವರ ಬ್ರೌಸರಿನಲ್ಲಿರುವ ಅನಾಲಿಟಿಕ್ಸ್ ಕುಕಿಯ ಗುರುತು. ಇದನ್ನು ಉಳಿಸಿಕೊಳ್ಳದೆ ಪ್ರತಿ ಆರ್ಡರಿಗೂ ಏನೋ ಒಂದು ಹೊಸ ಸಂಖ್ಯೆ ಹುಟ್ಟಿಸಿ ಕಳುಹಿಸಿದರೆ, ಪ್ರತಿಯೊಂದು ಮಾರಾಟವೂ ಎಲ್ಲಿಂದ ಬಂದರೆಂದು ತಿಳಿಯದ ಹೊಸ ಗ್ರಾಹಕರದ್ದಾಗಿ ಕಾಣುತ್ತದೆ. ಇನ್‌ಸ್ಟಾಗ್ರಾಂ ಜಾಹೀರಾತಿನಿಂದ ಬಂದವರೋ, ಹುಡುಕಿ ಬಂದವರೋ ಎಂದು ತಿಳಿಯುವುದಕ್ಕಾಗಿಯೇ ಅಲ್ಲವೇ ನೀವು ಅನಾಲಿಟಿಕ್ಸ್ ಇಟ್ಟುಕೊಂಡಿರುವುದು? ಎರಡನೆಯ ಕಾಲಂ, ‘ಅನಾಲಿಟಿಕ್ಸ್‌ಗೆ ಕಳುಹಿಸಿದ ಸಮಯ’. ಹರಿವು ಗಂಟೆಗೊಮ್ಮೆ ಎದ್ದು, ಹಣ ಸಂದಾಯವಾಗಿಯೂ ಈ ಕಾಲಂ ಖಾಲಿ ಇರುವ ಆರ್ಡರುಗಳನ್ನು ಓದಿ, ಕಳುಹಿಸಿ, ಸಮಯವನ್ನು ತುಂಬಲಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಕಾಲಮ್ಮಿಗೆ ಸೀಮಿತವಾಗಿ ಬರೆಯುವ ಅನುಮತಿ ಕೊಡಲು ಸಾಧ್ಯವಿದೆ. ಹರಿವಿನ ಬಳಕೆದಾರನಿಗೆ ಅಷ್ಟನ್ನೇ ಕೊಡಿ.

ಕಳುಹಿಸುವ ವಿವರದಲ್ಲಿ ಆರ್ಡರ್ ಸಂಖ್ಯೆ, ಮೊತ್ತ, ಕರೆನ್ಸಿ ರೂಪಾಯಿ ಎಂಬ ಸೂಚನೆ ಇರಲಿ. ಹೆಸರು, ಫೋನ್ ನಂಬರ್, ಇಮೇಲ್ ಇರಕೂಡದು. ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಅನಾಲಿಟಿಕ್ಸ್‌ಗೆ ಕಳುಹಿಸುವುದನ್ನು ಗೂಗಲ್ ನಿಯಮವೇ ನಿಷೇಧಿಸುತ್ತದೆ. ಹಿಂದಿನ ಸಮಯ ಹಾಕಿ ಕಳುಹಿಸಲು 72 ಗಂಟೆಗಳ ಮಿತಿಯಿದೆ, ಹಾಗಾಗಿ ಹರಿವನ್ನು ವಾರಕ್ಕೊಮ್ಮೆ ಓಡಿಸುವ ಯೋಚನೆ ಬೇಡ. ಕ್ಯಾಶ್ ಆನ್ ಡೆಲಿವರಿಯ ಆರ್ಡರುಗಳನ್ನು ಹಣ ಕೈಸೇರಿದ ಮೇಲೆಯೇ ಖರೀದಿಯೆಂದು ಕಳುಹಿಸಿ. ಹಣ ಸಂದಾಯವಾದ ಮೇಲೂ ಮಾಲು ವಾಪಸ್ ಬಂದರೆ ಅದೇ ಆರ್ಡರ್ ಸಂಖ್ಯೆಯೊಂದಿಗೆ ‘ರೀಫಂಡ್’ ಘಟನೆ ಕಳುಹಿಸಿ. ಸರ್ವರಿನಿಂದ ಕಳುಹಿಸಲು ಆರಂಭಿಸಿದ ದಿನವೇ ಬ್ರೌಸರಿನಿಂದ ಖರೀದಿ ಕಳುಹಿಸುವುದನ್ನು ನಿಲ್ಲಿಸಿಬಿಡಿ. ಒಂದೇ ಸಂಖ್ಯೆಯ ಎರಡು ಖರೀದಿಗಳನ್ನು ಗೂಗಲ್ ಒಂದಾಗಿ ಎಣಿಸೀತು ಎಂಬ ಭರವಸೆಯ ಮೇಲೆ ಎರಡೂ ದಾರಿ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ.

ಈ ಸೇವೆಯ ಒಂದು ಸ್ವಭಾವವನ್ನು ಮಾತ್ರ ಮರೆಯಬೇಡಿ. ನೀವು ತಪ್ಪು ತಪ್ಪಾಗಿ ಕಳುಹಿಸಿದರೂ, ವಿನಂತಿ ತಲುಪಿತು ಎಂಬ ಯಶಸ್ಸಿನ ಉತ್ತರವನ್ನೇ ಅದು ಕೊಡುತ್ತದೆ. ಎನ್‌8ಎನ್ ತೆರೆಯ ಮೇಲೆ ಎಲ್ಲ ಹೆಜ್ಜೆಗಳೂ ಹಸಿರಾಗಿರುತ್ತವೆ, ವರದಿಯಲ್ಲಿ ಏನೂ ಇರುವುದಿಲ್ಲ. ಮೊದಲು ಗೂಗಲ್ ಕೊಟ್ಟಿರುವ ಪರಿಶೀಲನೆಯ ವಿಳಾಸಕ್ಕೆ ಕಳುಹಿಸಿ ರಚನೆ ಸರಿಯಿದೆಯೇ ನೋಡಿ, ಬಳಿಕ ನಿಜವಾದ ವಿಳಾಸಕ್ಕೆ ಕಳುಹಿಸಿ ರಿಯಲ್‌ಟೈಮ್ ವರದಿಯಲ್ಲಿ ಕಾಣಿಸುತ್ತದೆಯೇ ನೋಡಿ, ಆಮೇಲೆ ಎರಡೂ ಕಡೆಯ ಆರ್ಡರ್ ಎಣಿಕೆಯನ್ನು ಆಗಾಗ ತಾಳೆ ಹಾಕುತ್ತಿರಿ. ಜಿಎಸ್‌ಟಿ ಲೆಕ್ಕಕ್ಕೆ ಮಾತ್ರ ಡೇಟಾಬೇಸೇ ಆಧಾರ, ಅನಾಲಿಟಿಕ್ಸ್ ಅಲ್ಲ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ ನಾನು. ಸದಸ್ಯರ ಸಾಲದ ವಿವರ ಮೈಎಸ್‌ಕ್ಯುಎಲ್‌ನಿಂದ ವರದಿ ಸೇವೆಗೆ ಪ್ರತಿ ರಾತ್ರಿ ಹೋಗುತ್ತದೆ. ಅಂಕಿಗಳು ಸರಿ ಬರುತ್ತವೆ, ಆದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ. ಹಳೆಯ ಸದಸ್ಯರದ್ದಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಏನು ಮಾಡಬೇಕು?

ಉತ್ತರ: ಇವು ಎರಡು ಬೇರೆ ಬೇರೆ ರೋಗಗಳು. ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೆಂದರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ ಕನ್ನಡವನ್ನು ಹಿಡಿದಿಟ್ಟುಕೊಳ್ಳಲಾರದ ಲ್ಯಾಟಿನ್ ಅಕ್ಷರಗುಂಪಿಗೆ ಪಠ್ಯವನ್ನು ಬದಲಿಸಲಾಗಿದೆ. ಮೂಲ ಡೇಟಾಬೇಸಿನಲ್ಲಿ ಹೆಸರು ಸರಿಯಾಗಿ ಕಾಣುತ್ತಿದ್ದರೆ ಗಾಬರಿ ಬೇಡ, ಕೆಟ್ಟಿರುವುದು ನಕಲು ಮಾತ್ರ. ಹರಿವಿನ ಸಂಪರ್ಕದ ಅಕ್ಷರಗುಂಪನ್ನೂ, ನಡುವೆ ಬೇರೆ ಟೇಬಲ್ ಇದ್ದರೆ ಅದರದ್ದನ್ನೂ ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಯಬಲ್ಲ ‘ಯುಟಿಎಫ್8ಎಂಬಿ4’ ಎಂದು ಬದಲಿಸಿ, ಎಲ್ಲ ಸಾಲುಗಳನ್ನೂ ಮತ್ತೊಮ್ಮೆ ಕಳುಹಿಸಿ. ಈಗಾಗಲೇ ಪ್ರಶ್ನಾರ್ಥಕವಾಗಿರುವುದು ತಾನಾಗಿ ಕನ್ನಡಕ್ಕೆ ಮರಳುವುದಿಲ್ಲ.

ಹಳೆಯ ಸದಸ್ಯರ ಹೆಸರುಗಳನ್ನು ಬಹುಶಃ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಲಾಗಿದೆ. ಅಲ್ಲಿ ಡೇಟಾಬೇಸಿನೊಳಗೆ ಇರುವುದು ನಿಜವಾಗಿಯೂ ಲ್ಯಾಟಿನ್ ಅಕ್ಷರಗಳೇ. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತಿತ್ತು ಅಷ್ಟೆ. ಇದನ್ನು ಯಾವ ಸೆಟ್ಟಿಂಗೂ ಸರಿಪಡಿಸಲಾರದು, ಪರಿವರ್ತಕ ಬಳಸಿ ಯೂನಿಕೋಡಿಗೆ ತರಬೇಕು. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ಓದಿ ನೋಡಿ. ಇದನ್ನು ಪ್ರತಿ ರಾತ್ರಿ ಹರಿವಿನೊಳಗೆ ಮಾಡದೆ, ಮೂಲ ಟೇಬಲ್ಲಿನಲ್ಲಿ ಬ್ಯಾಕಪ್ ತೆಗೆದುಕೊಂಡು ಒಂದೇ ಸಲ ಮಾಡಿ ಮುಗಿಸಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದನ್ನು ನೀವು ಕೇಳಿಲ್ಲ. ಸಾಲ ವಸೂಲಾತಿಯ ವರದಿಗೆ ಸದಸ್ಯರ ಹೆಸರು ಹೊರಗೆ ಹೋಗಬೇಕೇ? ಶಹಾಪುರದಲ್ಲಿ ಎಷ್ಟು ಬಾಕಿ, ಸುರಪುರದಲ್ಲಿ ಎಷ್ಟು ಎಂದು ಆಡಳಿತ ಮಂಡಳಿ ನೋಡುವುದಾದರೆ ಗ್ರಾಮವಾರು ಮೊತ್ತಗಳನ್ನು ಕಳುಹಿಸಿದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತೆ ವಹಿಸದೆ ದತ್ತಾಂಶ ಸೋರಿದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಿಮ್ಮ ಸಂಘಕ್ಕೆ ಅಷ್ಟು ಬೀಳಲಿಕ್ಕಿಲ್ಲ, ಆದರೂ ಯಾರ ಸಾಲ ಎಷ್ಟು ಬಾಕಿ ಎಂಬುದು ಊರಿನಲ್ಲಿ ಹೊರಬಿದ್ದರೆ ಆಗುವ ನೋವು ಯಾವ ದಂಡಕ್ಕೂ ಕಡಿಮೆಯದಲ್ಲ. ಗ್ರಾಮವಾರು ಕೂಡಿಸುವಾಗ ಹೆಸರಿನ ಬದಲು ಗ್ರಾಮದ ಸಂಕೇತ ಸಂಖ್ಯೆಯನ್ನು ಬಳಸಿ. ಇಲ್ಲವಾದರೆ ಯಾದಗಿರಿ, ಯಾದಗೀರ, ಯಾದಗಿರ್ ಎಂಬ ಮೂರು ಊರುಗಳು ವರದಿಯಲ್ಲಿ ಮೂರು ಗೆರೆಗಳಾಗಿ ನಿಲ್ಲುತ್ತವೆ.

ಪ್ರಶ್ನೆ: ಕಲಬುರಗಿಯಲ್ಲಿ ಬಿಸಿಎ ಓದುತ್ತಿದ್ದೇನೆ. ಪರಿಚಯದವರ ಔಷಧ ಅಂಗಡಿಗೆ ಇಂಥ ಹರಿವು ಮಾಡಿಕೊಡಲು ಒಪ್ಪಿದ್ದೇನೆ. ಏರ್‌ಫ್ಲೋ, ಕಾಫ್ಕಾ, ಡೆಬಿಜಿಯಂ ಎಂಬ, ದತ್ತಾಂಶ ಸಾಗಿಸಲು ಬಳಸುವ ದೊಡ್ಡ ತಂತ್ರಾಂಶಗಳನ್ನು ಕಲಿಯದೆ ಆಗುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಈ ಕೆಲಸಕ್ಕೆ ಬೇಡ. ಏರ್‌ಫ್ಲೋ 2014ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆಯೊಳಗೆ ಹುಟ್ಟಿದ್ದು, ಒಂದನ್ನೊಂದು ಅವಲಂಬಿಸಿದ ನೂರಾರು ಕೆಲಸಗಳನ್ನು ಕ್ರಮವಾಗಿ ನಡೆಸಲು. ಡೆಬಿಜಿಯಂ ಡೇಟಾಬೇಸಿನ ಬದಲಾವಣೆಯ ದಾಖಲೆಯನ್ನೇ ಓದುವುದರಿಂದ, ಅಳಿಸಿದ ಸಾಲುಗಳನ್ನೂ ಹಿಡಿಯಬಲ್ಲದು, ಮತ್ತು ಅದು ನಿಜಕ್ಕೂ ಸೊಗಸಾದ ಏರ್ಪಾಡು. ಆದರೆ ಔಷಧ ಅಂಗಡಿಯ ಮಾಲೀಕರಿಗೆ ರಾತ್ರಿ ಒಮ್ಮೆ ಅಂಕಿಗಳು ಹೊಸದಾದರೆ ಸಾಲುತ್ತದೆ. ಪೈಥಾನಿನ ಒಂದು ಸಣ್ಣ ಸ್ಕ್ರಿಪ್ಟು, ಅದನ್ನು ಎಬ್ಬಿಸಲು ಲಿನಕ್ಸಿನಲ್ಲಾದರೆ ಕ್ರಾನ್, ವಿಂಡೋಸಿನಲ್ಲಾದರೆ ಟಾಸ್ಕ್ ಶೆಡ್ಯೂಲರ್, ಪ್ರತಿ ಓಟದ ಸಮಯ ಮತ್ತು ಸಾಲುಗಳ ಎಣಿಕೆಯನ್ನು ಬರೆದಿಡುವ ಒಂದು ಟೇಬಲ್, ಇಷ್ಟು ಬೇಕು. ನೀವು ಮುಂದೆ ಬೆಂಗಳೂರಿಗೆ ಹೋದ ಮೇಲೆ ಅಂಗಡಿಯವರು ಬೇರೊಬ್ಬರ ಕೈಯಲ್ಲಿ ಅದನ್ನು ದುರಸ್ತಿ ಮಾಡಿಸಬೇಕಾಗುತ್ತದೆ, ಆದ್ದರಿಂದ ಪಾಸ್‌ವರ್ಡ್ ಎಲ್ಲಿದೆ, ಹರಿವು ಎಷ್ಟು ಹೊತ್ತಿಗೆ ಓಡುತ್ತದೆ, ನಿಂತರೆ ಮತ್ತೆ ಆರಂಭಿಸುವುದು ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಅವರ ಕೈಗೆ ಕೊಡಿ.